ಮಾಗಿಯ ಚಳಿಯಲ್ಲಿ ಬೋರ್ಡಿಂಗ್

ಬೋರ್ಡಿಂಗಿನಲ್ಲಿ ಓದಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಮೊದಲು ನೆನಪಾಗುವುದು ಗಂಟೆಯೇ ಇರಬೇಕು. ಏಳುವುದಕ್ಕೆ, ಪ್ರಾರ್ಥನೆಗೆ, ಊಟಕ್ಕೆ, ಮೌನಕ್ಕೆ ಎಲ್ಲಕ್ಕೂ ಗಂಟೆ. 1983ರಿಂದ ಮೂರು ವರ್ಷ ಸಕಲೇಶಪುರದ ಸೀಮೆಯಲ್ಲಿ ನಾನೂ ಆ ಗಂಟೆಯ ಅಧೀನದಲ್ಲಿದ್ದವನು. ಆದರೆ ಡಿಸೆಂಬರ್ ಬಂದೊಡನೆ ಅದರ ಹಿಡಿತ ತುಸು ಸಡಿಲವಾಗುತ್ತಿತ್ತು.

ಹೇಮಾವತಿಯ ಕಡೆಯಿಂದ ಏಳುವ ಮಂಜು ಅಂಗಳವನ್ನೇ ನುಂಗಿಬಿಡುತ್ತಿತ್ತು. ತೊಟ್ಟಿಯ ನೀರನ್ನು ಮೊದಲ ಚೊಂಬು ಸುರಿದುಕೊಂಡವನ ಕೂಗು ಕೇಳಿಯೇ ಉಳಿದವರಿಗೆ ಸ್ನಾನವಾದಂತಾಗುತ್ತಿತ್ತು. ವಾರ್ಡನ್ ಗುರುಗಳು ಬೆಳಗಿನ ಓದನ್ನು ಅರ್ಧ ಗಂಟೆ ಮುಂದೂಡಿ, ಸಿಲ್ವರ್ ಓಕ್ ತರಗೆಲೆಗಳ ಬೆಂಕಿ ಹಾಕಲು ಒಪ್ಪುತ್ತಿದ್ದರು. ಸಂಜೆ ಬಿದಿರು ಸೀಳಿ, ಮೈದಾ ಅಂಟು ಕಾಯಿಸಿ, ಬಣ್ಣದ ಕಾಗದದ ನಕ್ಷತ್ರ ಕಟ್ಟುವ ಕೆಲಸ. ಅಂಟಿನಲ್ಲಿ ಸ್ವಲ್ಪ ಭಾಗ ಹೊಟ್ಟೆಗೂ ಹೋಗುತ್ತಿತ್ತು!

ಭಾನುವಾರ ಮಧ್ಯಾಹ್ನ ಮಂಜರಾಬಾದ್ ಕೋಟೆ. ಟಿಪ್ಪು ಸುಲ್ತಾನನು 1792ರಲ್ಲಿ ಕಟ್ಟಿಸಿದ ಈ ಕೋಟೆ ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಒಳಗೆ ನಿಂತವನಿಗೆ ಮಾತ್ರ ನಕ್ಷತ್ರ ಕಾಣುವುದಿಲ್ಲ. ಗೋಡೆಯ ಗುಂಟ ಓಡುತ್ತಾ ಮೂಲೆಗಳನ್ನು ಎಣಿಸುವುದೇ ನಮ್ಮ ಆಟ. ಮಂಜು ಕವಿದರೆ ಐದಕ್ಕೋ ಆರಕ್ಕೋ ಲೆಕ್ಕ ತಪ್ಪಿ ಜಗಳ. ಸಂಜೆಯ ತ್ರಿಕಾಲ ಪ್ರಾರ್ಥನೆಯ ಹೊತ್ತಿಗೆ ಮರಳಿದರೆ ಸಾಕು, ನಡುವೆ ಏನು ಮಾಡಿದಿರೆಂದು ಯಾರೂ ಕೇಳುತ್ತಿರಲಿಲ್ಲ.

ನಿಷ್ಠೆಯಿಂದ ಎಣಿಸುತ್ತಿದ್ದವನು ನನ್ನ ಪಕ್ಕದ ಹಾಸಿಗೆಯ ಹುಡುಗ. ಅವನ ತಂದೆತಾಯಿ ಕಾಫಿ ತೋಟವೊಂದರ ಲೈನು ಮನೆಯಲ್ಲಿದ್ದರು. ಕ್ರಿಸ್ಮಸ್ ರಜೆ ಹತ್ತಿರವಾದಂತೆ ನಮ್ಮ ಗದ್ದಲ ಹೆಚ್ಚುತ್ತಿತ್ತು, ಅವನು ಮಾತು ಕಡಿಮೆ ಮಾಡುತ್ತಿದ್ದ. ಮಂಗಳೂರಿನ ಕಡೆಯವರು 1979ರಲ್ಲಿ ಪೂರ್ಣಗೊಂಡಿದ್ದ ಮೀಟರ್ ಗೇಜ್ ರೈಲು ಹತ್ತಿ, ಸುರಂಗ ಬಂದಾಗಲೆಲ್ಲ ಕಿರುಚುತ್ತಾ ಮನೆ ಸೇರುವಾಗ, ಅವನು ತಾಯಿಯೊಡನೆ ಹಣ್ಣು ಕೊಯ್ಯಲು ಇಳಿಯುತ್ತಿದ್ದ. ಕೊಯ್ದ ತೂಕದ ಮೇಲೆ ಕೂಲಿ. ಜನವರಿಯಲ್ಲಿ ಮರಳಿದಾಗ ಬೆರಳುಗಳು ಕಪ್ಪಾಗಿರುತ್ತಿದ್ದವು, ತೋಳಿನ ಮೇಲೆ ಚಗಳಿ ಇರುವೆಗಳು ಕಚ್ಚಿದ ಗುರುತುಗಳು.

ಮಕ್ಕಳನ್ನು ಬೋರ್ಡಿಂಗಿಗೆ ಸೇರಿಸಿ ಮರುಗುವ ತಾಯಂದಿರನ್ನು ನಾನು ಬಹಳ ಕಂಡಿದ್ದೇನೆ. ಅವರ ಸಂಕಟ ಸುಳ್ಳಲ್ಲ. ಆದರೆ ನಮಗೆ ಸ್ವಾತಂತ್ರ್ಯವೆಂದರೆ ಗೇಟಿನ ಹೊರಗಿದ್ದ ರಜೆ. ಆ ಹುಡುಗನಿಗೆ ಅದು ಗಂಟೆ ಬಾರಿಸುವ ಆ ಬೋರ್ಡಿಂಗಿನಲ್ಲೇ ಇತ್ತು. ಅವನು ಮಗುವಾಗಿದ್ದುದು ಅಲ್ಲಿ ಮಾತ್ರ. ಮೂರನೆಯ ವರ್ಷ ಅರೇಬಿಕಾ ಮುಗಿದ ಮೇಲೆ ರೋಬಸ್ಟಾ ಕೊಯ್ಲು ಬಂತು. ಅವನು ಮರಳಲಿಲ್ಲ. ಅವನ ಕಂಬಳಿ ಮಾರ್ಚ್‌ವರೆಗೂ ಮಡಿಸಿಟ್ಟಂತೆಯೇ ಇತ್ತು.

ಕೆಲವು ವರ್ಷಗಳ ಹಿಂದೆ ಒಂದು ಧರ್ಮಕೇಂದ್ರದ ಹಬ್ಬದಲ್ಲಿ, ಅರ್ಧ ನರೆತ ತಲೆಯ ಒಬ್ಬರು ಬಂದು ಕೈ ಮುಗಿದರು. ಗುರುತು ಹತ್ತಲು ತುಸು ಹೊತ್ತು ಬೇಕಾಯಿತು. ಪಕ್ಕದಲ್ಲಿ ಕಾಲೇಜು ಓದುವ ಮಗಳು. ನಾನು ಹಳೆಯ ಸಲುಗೆಯಿಂದ ಮಾತನಾಡಿಸಿದರೂ ಆತ ‘ಫಾದರ್’ ಎನ್ನುವುದನ್ನು ಬಿಡಲಿಲ್ಲ.

“ಇವಳನ್ನು ಕೋಟೆಗೆ ಕರೆದುಕೊಂಡು ಹೋಗಿದ್ದೆ ಫಾದರ್. ಮಂಜಿರಲಿಲ್ಲ. ನಿಧಾನವಾಗಿ ಎಣಿಸಿದೆವು, ಎಂಟೂ ಇವೆ.”