ಲಂಬ್ರಿಡ್ಜ್‌ಗೆ ಒಬ್ಬನೇ

ಲಂಬ್ರಿಡ್ಜ್ ಭೂಪಟದಲ್ಲಿ ಸಿಗುವ ಊರಲ್ಲ. 2013ರಲ್ಲಿ ಆರಂಭವಾದ 'ಓಲ್ಡ್ ಸ್ಕೂಲ್ ರೂನ್‌ಸ್ಕೇಪ್' ಎಂಬ ಅಂತರ್ಜಾಲ ಆಟದಲ್ಲಿ ಹೊಸಬರು ಬಂದಿಳಿಯುವ ಊರು. ಹಾಸ್ಟೆಲಿನ ಗೆಳೆಯನೂ ನಾನೂ ಇಲ್ಲಿ ಎಷ್ಟೋ ರಾತ್ರಿ ಅಲೆದವರು.

ಮೊನ್ನೆ ಮತ್ತೆ ಹೋದೆ, ಹೊಸ ಹೆಸರಿನಲ್ಲಿ, 'ಐರನ್‌ಮ್ಯಾನ್' ಆಗಿ. 2014ರಲ್ಲಿ ಬಂದ ಈ ಪದ್ಧತಿಯಲ್ಲಿ ಬೇರೆ ಆಟಗಾರರಿಂದ ಏನನ್ನೂ ಕೊಳ್ಳುವಂತಿಲ್ಲ, ಪಡೆಯುವಂತಿಲ್ಲ.

ಕೋಟೆಯ ಅಡುಗೆಯವನು ಅಂದಿನಂತೆಯೇ ಕೇಕಿಗೆ ಮೊಟ್ಟೆ, ಹಾಲು, ಹಿಟ್ಟು ಕೇಳಿದ. ಅಂದು ಮೂರನ್ನೂ ಗೆಳೆಯನೇ ತಂದು ಕೈಗಿಟ್ಟಿದ್ದ. ಗಿರಣಿಯ ದಾರಿಯೇ ನನಗೆ ತಿಳಿಯದೆಂದು ಈಗ ಗೊತ್ತಾಯಿತು! ಹುಡುಕಿಕೊಂಡು ಹೋಗಿ, ಗೋಧಿ ಕಿತ್ತು, ಗಾಳಿಗಿರಣಿಯ ಮೇಲಂತಸ್ತಿಗೆ ಹೊತ್ತು ಸುರಿದೆ. ಕೆಳಗಿಳಿದು ಹಿಟ್ಟು ತುಂಬಿಕೊಂಡೆ. ಹಸು ಕರೆದೆ.

ಕೆಲಸ ಮುಗಿಯಿತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಗೆಳೆಯರ ಪಟ್ಟಿಗೆ ಅವನ ಹಳೆಯ ಹೆಸರು ಸೇರಿಸಿದೆ. ಎದುರಿಗೆ ಕೆಂಪಕ್ಷರ ಮೂಡಿತು: 'ಆಫ್‌ಲೈನ್'.