ಜೇಜು ದ್ವೀಪದ ಕಡಲ ಹೆಣ್ಣುಮಕ್ಕಳು

ಕಡಲಿನ ವಿಷಯವಾಗಿ ನಮ್ಮ ಹೆಣ್ಣುಮಕ್ಕಳಿಗೆ ಹಿರಿಯರು ಹೇಳಿಕೊಡುವ ಪಾಠವು ಬಹುಮಟ್ಟಿಗೆ ಒಂದೇ: ದಡದಲ್ಲಿ ನಿಂತು ನೋಡು, ಬೇಕಾದರೆ ಕಾಲು ತೋಯಿಸಿಕೊ, ಮುಂದೆ ಹೋಗಬೇಡ. ಈ ಪಾಠವನ್ನು ನಾವು ಹಳಿಯುವುದಿಲ್ಲ. ಅಲೆಯ ಗುಣವನ್ನರಿಯದವರಿಗೆ ಅದು ಹಿತವಚನವೇ ಸರಿ. ಆದರೆ ಕೊರಿಯ ದೇಶದ ದಕ್ಷಿಣಕ್ಕಿರುವ ಜೇಜು ಎಂಬ ದ್ವೀಪದಲ್ಲಿ ತಾಯಂದಿರು ಹೆಣ್ಣುಮಕ್ಕಳಿಗೆ ಬೇರೊಂದು ಪಾಠವನ್ನು ಕಲಿಸುತ್ತ ಬಂದಿರುವರೆಂಬುದನ್ನು ಓದಿ ತಿಳಿದಾಗ, ಅದನ್ನು ನಮ್ಮ ಹಳೆಯ ಸಹಪಾಠಿನಿಯರಿಗೂ ಅವರ ಮನೆಯವರಿಗೂ ತಿಳಿಸಬೇಕೆಂಬ ಆಶೆಯುಂಟಾಯಿತು.

ಅಲ್ಲಿ ಮುಳುಗುವ ಕಸುಬು ಸ್ತ್ರೀಯರದು. ಅವರಿಗೆ ಹೆನ್ಯೊ, ಎಂದರೆ ಕಡಲ ಹೆಣ್ಣು, ಎಂದು ಹೆಸರು. ಉಸಿರಾಟದ ಯಂತ್ರವಾವುದೂ ಇಲ್ಲದೆ, ಒಂದೇ ಉಸಿರಿನಲ್ಲಿ ಸುಮಾರು 10 ಮೀಟರು ಆಳಕ್ಕಿಳಿದು, ಬಂಡೆಗಂಟಿದ ಚಿಪ್ಪಿನ ಪ್ರಾಣಿಗಳನ್ನೂ ಕಡಲ ಸೊಪ್ಪನ್ನೂ ಕಿತ್ತುಕೊಂಡು, ಒಂದು ನಿಮಿಷದ ಹೊತ್ತಿಗೆ ಮೇಲಕ್ಕೆ ಬರುತ್ತಾರೆ. ಬಂದೊಡನೆ ಹಿಡಿದಿಟ್ಟ ಉಸಿರನ್ನು ಸಿಳ್ಳಿನಂತೆ ಹೊರಬಿಡುತ್ತಾರೆ.

ಹಿಂದಿನ ಕಾಲದಲ್ಲಿ ಏಳೆಂಟು ವರ್ಷದ ಬಾಲಿಕೆಯರೇ ದಡದ ಮಗ್ಗುಲಿನ ತೆಳುನೀರಿನಲ್ಲಿ ಅಭ್ಯಾಸವನ್ನಾರಂಭಿಸುತ್ತಿದ್ದರು. ತೇಲಲು ಆಸರೆಯಾಗಿ ಒಂದು ಒಣಸೋರೆಯ ಬುರುಡೆ, ಅದರ ಕೆಳಗೆ ಜೋಲುವ ಬಲೆಯ ಚೀಲ. ಇದೇ ಅವರ ಸಲಕರಣೆ. ನಮ್ಮ ನಾಡಿನ ಕೆರೆಬಾವಿಗಳಲ್ಲಿ ಈಜು ಕಲಿಯುವ ಮಕ್ಕಳ ಸೊಂಟಕ್ಕೂ ಸೋರೆಬುರುಡೆಯನ್ನೇ ಕಟ್ಟುತ್ತಿದ್ದರಷ್ಟೆ!

ಆದರೆ ಅಲ್ಲಿಯ ನೀರು ನಮ್ಮ ಕರಾವಳಿಯ ಬೆಚ್ಚನೆಯ ನೀರಲ್ಲ. ಕೊರಿಯದ ದಕ್ಷಿಣ ತೀರದಲ್ಲಿ ಚಳಿಗಾಲದ ಕಡಲು 10 ಡಿಗ್ರಿ ಸೆಂಟಿಗ್ರೇಡಿನ ಸಮೀಪಕ್ಕಿಳಿಯುವುದುಂಟು. ಅಂತಹ ನೀರು ಮೈಗೆ ತಾಕಿದೊಡನೆ ಮನುಷ್ಯನು ಬೇಡವೆಂದರೂ ಏದುಸಿರು ಬಿಡುತ್ತಾನೆ. ಮುಖವು ಆಗಲೇ ನೀರೊಳಗಿದ್ದರೆ ನೀರನ್ನೇ ಒಳಗೆಳೆದುಕೊಂಡಾನು. ಇದು ಹೇಡಿತನವಲ್ಲ, ಶರೀರಧರ್ಮ. ಒಂದೆರಡು ನಿಮಿಷಗಳಲ್ಲಿ ಅದು ತಾನಾಗಿ ಅಡಗುತ್ತದೆ. ಆದಕಾರಣ ಚಳಿನೀರಿಗೆ ಹೊಸಬಳಾದವಳು ದುಡುಕಿ ಧುಮುಕದೆ, ಮೆಲ್ಲನೆ ಇಳಿದು, ಉಸಿರು ನೆಲೆಗೆ ಬರುವ ತನಕ ತಲೆಯನ್ನು ಮೇಲಿಟ್ಟುಕೊಂಡಿರುವುದೇ ವಿವೇಕ. 1970ರ ದಶಕದಲ್ಲಿ ರಬ್ಬರಿನ ಉಡುಪು ಬರುವವರೆಗೂ ಇವರು ಹತ್ತಿಬಟ್ಟೆಯನ್ನುಟ್ಟೇ ಮುಳುಗುತ್ತಿದ್ದರು. ಮೇಲೆ ಬಂದು ಕಲ್ಲುಗೋಡೆಯ ಮರೆಯಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದರು. 1960ರ ದಶಕದಲ್ಲಿ ಪರೀಕ್ಷಿಸಿದ ವಿಜ್ಞಾನಿಗಳು ಚಳಿಗಾಲದಲ್ಲಿ ಈ ಸ್ತ್ರೀಯರ ಶರೀರವು ಹೆಚ್ಚು ಶಾಖವನ್ನುಂಟುಮಾಡುವುದನ್ನು ಕಂಡರು. ರಬ್ಬರಿನ ಉಡುಪು ಬಂದ ಕೆಲವೇ ವರ್ಷಗಳಲ್ಲಿ ಆ ವಿಶೇಷಶಕ್ತಿಯು ಇಲ್ಲವಾಯಿತಂತೆ. ಸುಖವು ಏನನ್ನೋ ಕೊಟ್ಟು ಏನನ್ನೋ ಕೊಂಡೊಯ್ಯುತ್ತದೆ. ಆದರೂ ಅವರಿಗೆ ದೊರೆತ ಆ ಬೆಚ್ಚನೆಯ ಉಡುಪಿಗಾಗಿ ನಾವು ಮರುಗಲಾರೆವು.

ಚಳಿಗಿಂತಲೂ ಘೋರವಾದ ಶತ್ರುವೊಂದಿದೆ, ಅದು ಆಶೆ. ಉಸಿರು ಮುಗಿಯುತ್ತಿರುವಾಗ ಬಂಡೆಯ ಸಂದಿನಲ್ಲಿ ಅಬಲೋನ್ ಎಂಬ ಬೆಲೆಬಾಳುವ ಚಿಪ್ಪು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಕ್ಷಣವೆಂದು ನಿಂತವಳು, ಬಾಯಿಬಿಟ್ಟು ನೀರನ್ನೇ ಉಸಿರಾಡಿ ಮಡಿಯುತ್ತಾಳೆ. ಇದಕ್ಕೆ ಅವರು ‘ಮುಲ್ಸುಮ್’, ನೀರುಸಿರು, ಎನ್ನುತ್ತಾರೆ. ಕಲಿಯುವವಳಿಗೆ ಎಷ್ಟು ಆಳಕ್ಕೆ ಇಳಿಯಬೇಕೆಂಬುದಕ್ಕಿಂತ, ಕಂಡದ್ದನ್ನು ಬಿಟ್ಟು ಯಾವಾಗ ಮೇಲಕ್ಕೆ ಬರಬೇಕೆಂಬುದನ್ನೇ ಮೊದಲು ಕಲಿಸುವರು. ಒಬ್ಬಂಟಿಯಾಗಿ ಮುಳುಗುವುದೂ ಸಲ್ಲದು.

ಆಶೆಗೆ ಅವರು ಕಂಡುಕೊಂಡ ಮದ್ದು ಬಹು ಸೊಗಸಾದುದು. ಮುಳುಗುವವರಲ್ಲಿ ಮೇಲಿನವರು, ನಡುವಿನವರು, ಕೆಳಗಿನವರು ಎಂದು ಮೂರು ತರಗತಿಗಳುಂಟು. ಹೊಸಬಳ ಬಲೆ ಬರಿದಾಗಿರುವುದನ್ನು ಕಂಡರೆ ಹಿರಿಯಳು ತಾನು ತಂದದ್ದರಲ್ಲಿ ಒಂದಿಷ್ಟನ್ನು ಅದರೊಳಗೆ ಹಾಕುತ್ತಾಳೆ. ಇಂತಹ ಹಿರಿಯಕ್ಕಂದಿರಿರುವಲ್ಲಿ ಕಿರಿಯಳು ಬರಿಗೈಯಲ್ಲಿ ಮನೆಗೆ ಹೋಗುವ ನಾಚಿಕೆಗಾಗಿ ಪ್ರಾಣವನ್ನು ಪಣವಿಡಬೇಕೇಕೆ?

ನಮ್ಮ ಶಾಲೆಯ ಈ ಸಂಚಿಕೆಯಲ್ಲಿ ಇನ್ನೊಂದು ಸಂಗತಿಯನ್ನು ಹೇಳದಿರಲಾರೆವು. ಆ ದ್ವೀಪದ ಒನ್‌ಪ್ಯೊಂಗ್ ಎಂಬ ಗ್ರಾಮದಲ್ಲಿ 1950ರ ದಶಕದಲ್ಲಿ ಈ ಸ್ತ್ರೀಯರು ಕಡಲಿನ ಒಂದು ಭಾಗವನ್ನು ‘ಶಾಲೆಯ ಕಡಲು’ ಎಂದು ಮೀಸಲಿಟ್ಟು, ಅಲ್ಲಿ ಕೊಯ್ದ ಸೊಪ್ಪನ್ನು ಮಾರಿದ ಹಣದಿಂದ ಮಕ್ಕಳಿಗೆ ಶಾಲೆಯ ಕೊಠಡಿಗಳನ್ನು ಕಟ್ಟಿಸಿದರು. ಹಾಗೆ ಕೊಟ್ಟವರಲ್ಲಿ ಎಷ್ಟೋ ಮಂದಿ ಅಕ್ಷರವನ್ನರಿಯದವರು. ದೇವಾಲಯದ ಕಾಣಿಕೆಪೆಟ್ಟಿಗೆಯಲ್ಲಿ ಎರಡು ಕಾಸು ಹಾಕಿದ ವಿಧವೆಯ ಕಥೆಯನ್ನು ಪ್ರಾರ್ಥನೆಯ ವೇಳೆಯಲ್ಲಿ ಕೇಳಿ ಬೆಳೆದ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

2016ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಸಂಪ್ರದಾಯವನ್ನು ಮಾನವಕುಲದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಆದರೆ 1960ರ ದಶಕದಲ್ಲಿ ಇಪ್ಪತ್ತು ಸಾವಿರವನ್ನು ಮೀರಿದ್ದ ಅವರ ಸಂಖ್ಯೆಯು 2023ರ ಹೊತ್ತಿಗೆ ಮೂರು ಸಾವಿರಕ್ಕೂ ಕೆಳಗಿಳಿದಿತ್ತು. ಹೆಣ್ಣುಮಕ್ಕಳು ಓದಿ ಬೇರೆ ಉದ್ಯೋಗಗಳಿಗೆ ಹೋದರು. ತಾಯಂದಿರು ಬಯಸಿದ್ದೂ ಅದನ್ನೇ. ಈಗ ಕಸುಬನ್ನು ಕಲಿಸುವುದಕ್ಕೆಂದೇ ಶಾಲೆಗಳು ನಡೆಯುತ್ತಿವೆ. ಉಳಿದಿರುವವರಲ್ಲಿ ಬಹುಮಂದಿ ಅರವತ್ತು ದಾಟಿದವರು. ಎಂಬತ್ತು ದಾಟಿದವರೂ ಇದ್ದಾರೆ. ದೂರ ಈಜಲಾರದ ಇಂತಹವರಿಗಾಗಿ ದಡದ ಹತ್ತಿರದ ತೆಳುನೀರನ್ನು ‘ಅಜ್ಜಿಯ ಕಡಲು’ ಎಂದು ಕೆಲವು ಗ್ರಾಮಗಳಲ್ಲಿ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ಕಿರಿಯರು ಕೈಹಾಕುವುದಿಲ್ಲ.