ಹಳೆಯ ಮೋಟಾರಿನ ಲೆಕ್ಕತನಿಖೆ

ಹುಟ್ಟಿದ ಜಿಲ್ಲೆಯನ್ನು ಬಿಟ್ಟು ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ನೆಲಸಿ ನನಗೆ ನಲವತ್ತು ವರುಷಗಳು ತುಂಬುತ್ತ ಬಂದುವು. ಇಷ್ಟು ಕಾಲವೂ ಪರರ ಲೆಕ್ಕವನ್ನು ತನಿಖೆಮಾಡಿ ಹೊಟ್ಟೆ ಹೊರೆದವನು ನಾನು, ಈಗ ವಿಶ್ರಾಂತನಾಗಿದ್ದೇನೆ. ಆ ವೃತ್ತಿಯನ್ನು ಕುರಿತು ಏನಾದರೂ ಬರೆದು ಕಳುಹಿಸಬೇಕೆಂದು ಈ ಪತ್ರಿಕೆಯ ಸಂಪಾದಕರು ಅಪ್ಪಣೆ ಕೊಡಿಸಿದರು. ಜಮಾಖರ್ಚಿನ ಪುಸ್ತಕಗಳಿಂದ ರಸವನ್ನು ಹಿಂಡುವ ಶಕ್ತಿ ನನಗಿಲ್ಲ. ಆದಕಾರಣ ನನ್ನ ಮನೆಯ ಮಗ್ಗುಲ ಕೊಟ್ಟಿಗೆಯಲ್ಲಿ ನಿಂತಿರುವ ಒಂದು ಹಳೆಯ ಮೋಟಾರು ಬಂಡಿಯ ವಿಚಾರವನ್ನು ಬರೆಯುತ್ತೇನೆ. ಅದೂ ತನಿಖೆಯ ವಿಚಾರವೇ ಎಂಬುದು ಹೋಗುತ್ತ ಹೋಗುತ್ತ ತಿಳಿದೀತು.

ಬಂಡಿಯ ಹೆಸರು ಎಂ.ಜಿ.ಬಿ.; ೧೯೭೧ರಲ್ಲಿ ತಯಾರಾದದ್ದು. ಇಬ್ಬರು ಕೂರುವಂಥದು, ಮಳೆ ಬಂದರೆ ತಲೆಯ ಮೇಲೆ ಎಳೆದುಕೊಳ್ಳಲು ಬಟ್ಟೆಯ ಮಾಡು ಉಂಟು. ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸರ ಆ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದ ಸೆಸಿಲ್ ಕಿಂಬರ್ ಎಂಬವರು ಸಾಧಾರಣವಾದ ಮಾರಿಸ್ ಬಂಡಿಗಳಿಗೆ ಚೆಲುವಾದ ಮೈಯನ್ನು ತೊಡಿಸಿ ಮಾರತೊಡಗಿದ್ದೇ ಈ ವಂಶದ ಮೂಲ. ೧೯೨೯ರಲ್ಲಿ ಕಾರಖಾನೆಯು ಆಬಿಂಗ್‌ಡನ್ ಊರಿಗೆ ಬಂದು ಒಂದು ಚರ್ಮದ ಕಾರಖಾನೆಯ ಕಟ್ಟಡಗಳಲ್ಲಿ ನೆಲೆಯೂರಿತು. ಅಲ್ಲಿ ೧೯೬೨ರಿಂದ ೧೯೮೦ರ ವರೆಗೆ ಐದು ಲಕ್ಷಕ್ಕೂ ಮಿಕ್ಕು ಎಂ.ಜಿ.ಬಿ.ಗಳು ಹುಟ್ಟಿದುವು, ಅದೇ ವರುಷ ಕಾರಖಾನೆಯ ಬಾಗಿಲೂ ಮುಚ್ಚಿತು. ಸ್ಪೋರ್ಟ್ಸ್ ಕಾರು ಎಂದೊಡನೆ ವಾಚಕರು ಮಿಂಚಿನ ಓಟವನ್ನು ಊಹಿಸಿಕೊಳ್ಳಬಾರದು. ಇದರ ಇಂಜಿನು ೧೭೯೮ ಘನ ಸೆಂಟಿಮೀಟರಿನದು. ತರಕಾರಿ ತರಲು ಹೊರಟ ಇಂದಿನ ಸಂಸಾರದ ಬಂಡಿಯೂ ಇದನ್ನು ಹಿಂದೆ ಹಾಕೀತು. ಆದರೆ ಆಸನವು ನೆಲಕ್ಕೆ ಅಷ್ಟು ಹತ್ತಿರ, ಗಾಳಿಯು ಮುಖಕ್ಕೆ ಅಷ್ಟು ಹತ್ತಿರ. ಗಂಟೆಗೆ ನಲವತ್ತು ಮೈಲಿಯೇ ಎಪ್ಪತ್ತೆಂಬ ಭ್ರಮೆಯನ್ನು ಹುಟ್ಟಿಸುತ್ತದೆ.

೧೯೯೭ರಲ್ಲಿ ಇದನ್ನು ನನಗೆ ಮಾರಿದವರು ಒಬ್ಬ ವೃದ್ಧರು. ಬಂಡಿಯೊಡನೆ ಒಂದು ತಗಡಿನ ಪೆಟ್ಟಿಗೆ ತುಂಬ ಸ್ಪ್ಯಾನರುಗಳನ್ನೂ ಒಂದು ನೋಟುಬುಕ್ಕನ್ನೂ ಕೊಟ್ಟರು. ಎಣ್ಣೆ ಬದಲಿಸಿದ ದಿನ, ಓಡಿದ ಮೈಲಿ, ಹಾಕಿದ ಪ್ಲಗ್ಗು, ಅದಕ್ಕಾದ ವೆಚ್ಚ, ಎಲ್ಲವೂ ಅದರಲ್ಲಿ ದುಂಡಗಿನ ಅಕ್ಷರಗಳಲ್ಲಿ ದಾಖಲಾಗಿದ್ದುವು. ಲೆಕ್ಕಿಗನ ಮನಸ್ಸನ್ನು ಗೆದ್ದದ್ದು ಬಂಡಿಯಲ್ಲ, ಆ ನೋಟುಬುಕ್ಕು. ಅಂದಿನಿಂದ ಅದನ್ನು ನಾನು ಮುಂದುವರಿಸಿಕೊಂಡು ಬಂದಿದ್ದೇನೆ. ಈಗ ನಾಲ್ಕನೆಯ ಪುಸ್ತಕ ನಡೆಯುತ್ತಿದೆ.

ಇದರ ಕೆಲಸವನ್ನು ಕಲಿಯುವುದು ಕಷ್ಟವಲ್ಲ. ಇಂದಿನ ಬಂಡಿಯ ಮುಚ್ಚಳವನ್ನು ಎತ್ತಿದರೆ ಮತ್ತೊಂದು ಮುಚ್ಚಳ ಕಾಣುತ್ತದೆ. ಇದರಲ್ಲಿ ಮುಚ್ಚಳವನ್ನು ಎತ್ತಿದವನಿಗೆ ಇಂಜಿನು ಕಾಣುತ್ತದೆ, ಇಂಜಿನಿನ ಎರಡು ಪಕ್ಕದಲ್ಲಿ ನೆಲವೂ ಕಾಣುತ್ತದೆ. ಅಳತೆಗಳೆಲ್ಲ ಅಂಗುಲದವು. ಪಾಯಿಂಟುಗಳ ನಡುವೆ ಅಂಗುಲದ ಸಾವಿರದಲ್ಲಿ ಹದಿನೈದು ಭಾಗದ ಸಂದು ಇರಬೇಕು, ಪ್ಲಗ್ಗಿಗೆ ಇಪ್ಪತ್ತೈದು. ತೆಳುವಾದ ಉಕ್ಕಿನ ಎಸಳುಗಳುಳ್ಳ ಒಂದು ಗೇಜನ್ನು ಸಂದಿನಲ್ಲಿ ತೂರಿಸಿ, ಅದು ಬಿಗಿಯೂ ಆಗದೆ ಸಡಿಲವೂ ಆಗದೆ ಎಳೆಯುವಂತೆ ತಿರುಪನ್ನು ಬಿಗಿಯಬೇಕು. ಬಿಡಿಭಾಗಗಳಿಗೆ ಬರವಿಲ್ಲ, ೧೯೮೮ರಿಂದ ಹಳೆಯ ಅಚ್ಚುಗಳಲ್ಲಿಯೇ ಒತ್ತಿ ಬಂಡಿಯ ಪೂರ್ಣ ಮೈಯನ್ನೇ ಹೊಸದಾಗಿ ಮಾಡಿ ಮಾರಿದ್ದುಂಟು. ಬೇಕಾದದ್ದು ತಾಳ್ಮೆ, ಹಳೆಯ ಬಟ್ಟೆ, ಮತ್ತು ನೆಲದ ಮೇಲೆ ಅಂಗಾತ ಮಲಗಲು ನಾಚದ ಸ್ವಭಾವ. ಬರಿಯ ಜಾಕಿಯನ್ನು ನಂಬಿ ಬಂಡಿಯ ಕೆಳಗೆ ಹೋಗಬಾರದೆಂಬ ಒಂದು ವಿಷಯದಲ್ಲಿ ಮಾತ್ರ ನಾನು ಮಡಿವಂತ; ಕಬ್ಬಿಣದ ಮುಕ್ಕಾಲಿಗಳನ್ನು ಕೊಟ್ಟು ಬಂಡಿಯನ್ನು ಅಲುಗಿಸಿ ನೋಡಿದ ಹೊರತು ಅದರ ನೆರಳಿಗೂ ಹೋಗೆನು.

ಎಲ್ಲಕ್ಕಿಂತ ಇಂಪಾದ ಕೆಲಸವೆಂದರೆ ಕಾರ್ಬ್ಯುರೆಟರುಗಳದು. ಪೆಟ್ರೋಲನ್ನೂ ಗಾಳಿಯನ್ನೂ ಬೆರಸಿ ಇಂಜಿನಿಗೆ ಉಣಿಸುವ ಈ ಪಾತ್ರೆಗಳು ನನ್ನ ಬಂಡಿಗೆ ಎರಡು. ಅವಕ್ಕೆ ಎಸ್.ಯು. ಎಂದು ಹೆಸರು, ಸ್ಕಿನ್ನರ್ಸ್ ಯೂನಿಯನ್ ಎಂಬುದರ ಮೊದಲ ಅಕ್ಷರಗಳು. ಸ್ಕಿನ್ನರರು ಪಾದರಕ್ಷೆಯ ವ್ಯಾಪಾರದ ಮನೆತನದವರು. ಅವರ ಮೊದಮೊದಲ ಯಂತ್ರಗಳಲ್ಲಿ ಚರ್ಮದ ತಿದಿಯೇ ಇದ್ದಿತು. ಚರ್ಮಕ್ಕೂ ಈ ಬಂಡಿಗೂ ಎಂಥದೋ ಋಣಾನುಬಂಧ! ಈಗಿನದರಲ್ಲಿ ತಿದಿಗೆ ಬದಲಾಗಿ ಒಂದು ಲೋಹದ ಕೊಂತ. ಅದರ ಬುಡದಲ್ಲಿ ಮೊನೆಯ ಕಡೆಗೆ ಸಣ್ಣಗಾಗುತ್ತ ಹೋಗುವ ಸೂಜಿ. ಇಂಜಿನು ಹೆಚ್ಚು ಗಾಳಿಯನ್ನು ಹೀರಿದಷ್ಟೂ ಕೊಂತ ಮೇಲೇಳುತ್ತದೆ, ಸೂಜಿಯು ರಂಧ್ರದಿಂದ ಮೇಲಕ್ಕೆ ಸರಿಯುತ್ತದೆ, ಪೆಟ್ರೋಲೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಬೇಡಿದಷ್ಟೇ ಬಡಿಸುವ ಇಂಥ ಬಾಣಸಿಗನು ಮನುಷ್ಯರಲ್ಲಿ ದುರ್ಲಭ.

ಆದರೆ ಇಬ್ಬರೂ ಸಮನಾಗಿ ಬಡಿಸಬೇಕಷ್ಟೆ. ಅದನ್ನು ಪರೀಕ್ಷಿಸುವ ಉಪಾಯ ಸುಲಭವಾದದ್ದು. ಒಂದು ಮೊಳ ರಬ್ಬರಿನ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು, ಇನ್ನೊಂದನ್ನು ಕಾರ್ಬ್ಯುರೆಟರಿನ ಬಾಯಿಗೆ ಹಿಡಿದರೆ ಗಾಳಿಯ ಹಿಸ್ ಎಂಬ ಸದ್ದು ಕೇಳಿಸುತ್ತದೆ. ಎರಡರ ಸದ್ದೂ ಒಂದೇ ಆಗುವ ತನಕ ತಿರುಪುಗಳನ್ನು ತಿರುಗಿಸಬೇಕು. ತಂಬೂರಿಯ ಶ್ರುತಿಯನ್ನು ಸೇರಿಸಿದಂತೆಯೇ. ನನ್ನ ಮನೆಯಾಕೆಯು ಬಾಲ್ಯದಲ್ಲಿ ಮೈಸೂರಿನಲ್ಲಿ ಸಂಗೀತವನ್ನು ಕಲಿತವಳು. ಆಕೆಯ ಕಿವಿ ನನ್ನದಕ್ಕಿಂತ ಸೂಕ್ಷ್ಮ. “ಏನೂಂದರೆ, ಹಿಂದಿನದರ ಉಸಿರು ಇನ್ನೂ ಒಂದೆಳೆ ದಪ್ಪ” ಎನ್ನುತ್ತಾಳೆ. ತಿರುಪನ್ನು ಕೂದಲೆಳೆಯಷ್ಟು ಸರಿಸುತ್ತೇನೆ. “ಈಗ ಸರಿಹೋಯಿತು” ಎಂದು ಕೊಳವೆಯನ್ನು ನನ್ನ ಕೈಗಿತ್ತು ಒಳಗೆ ನಡೆಯುತ್ತಾಳೆ. ಬಂಡಿಯನ್ನು ಆಕೆ ನನ್ನ ಎರಡನೆಯ ಸಂಸಾರವೆಂದು ಕರೆದರೂ ಸವತಿಯ ಶ್ರುತಿ ಕೆಡುವುದನ್ನು ಮಾತ್ರ ಸಹಿಸಳು.

ಇನ್ನು ತುಕ್ಕಿನ ಸಂಗತಿ. ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ ಪೊಳ್ಳಾದ ಉಕ್ಕಿನ ತೊಲೆಯನ್ನು ಇಲ್ಲಿ ಸಿಲ್ ಎನ್ನುತ್ತಾರೆ. ಹೊಸ್ತಿಲು ಎಂದೇ ಅರ್ಥ. ಈ ಬಂಡಿಗೆ ಬೇರೆಯಾದ ಚಾಸಿಯಿಲ್ಲ, ಮೈಯೇ ಎಲುಬು. ಮೇಲೆ ಗಟ್ಟಿ ಮಾಡೂ ಇಲ್ಲದ್ದರಿಂದ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿಟ್ಟಿರುವುದು ಬಹುಮಟ್ಟಿಗೆ ಈ ಎರಡು ಹೊಸ್ತಿಲುಗಳು. ಮುಂದಿನ ಚಕ್ರಗಳು ಎರಚುವ ಕೆಸರು ಒಳಸಂದಿಯಲ್ಲಿ ಕೂತು, ತೇವವನ್ನು ಹಿಡಿದುಕೊಂಡು, ಹೊಸ್ತಿಲನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನ ಬಣ್ಣ ಮಾತ್ರ ಕನ್ನಡಿಯಂತೆ ಹೊಳೆಯುತ್ತಿರಬಹುದು. ೨೦೦೪ರ ಚಳಿಗಾಲದಲ್ಲಿ ಬಂಡಿಯನ್ನು ಜಾಕಿಯಿಂದ ಎತ್ತಿದಾಗ ಬಾಗಿಲಿನ ಹಿಂದಣ ಸಂದು ಕಿರಿದಾದುದನ್ನು ಕಂಡೆನು. ಬಡಿದು ನೋಡಿದರೆ ಉಕ್ಕಿನ ನಾದವಿಲ್ಲ, ಮಣ್ಣಿನ ಮಡಕೆಯ ನಾದ. ಸ್ಕ್ರೂಡ್ರೈವರಿನ ಮೊನೆ ಸಲೀಸಾಗಿ ಒಳಹೊಕ್ಕಿತು. ಎಂದೋ ಯಾರೋ ತೂತುಗಳಿಗೆ ಲಪ್ಪವನ್ನು ಮೆತ್ತಿ, ಉಜ್ಜಿ, ಬಣ್ಣ ಬಳಿದಿದ್ದರು. ಲೆಕ್ಕದ ಪುಸ್ತಕಗಳಲ್ಲಿ ಇಂಥ ಲಪ್ಪವನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಈ ಕೆಲಸವನ್ನು ನಾನು ಮಾಡಲಿಲ್ಲ. ವೆಲ್ಡಿಂಗು ಮಾಡುವ ಯಂತ್ರವನ್ನು ಕೊಂಡು ತಾವೇ ಮಾಡುವ ಗೆಳೆಯರು ನನಗುಂಟು. ಅವರ ಧೈರ್ಯವನ್ನು ಮೆಚ್ಚುತ್ತೇನೆ. ಹಳೆಯ ಹೊಸ್ತಿಲನ್ನು ಕತ್ತರಿಸುವ ಮೊದಲು ಬಾಗಿಲಿನ ತೆರಪಿಗೆ ಅಡ್ಡಕಂಬಿಗಳನ್ನು ಬಿಗಿದು ಮೈ ಕುಸಿಯದಂತೆ ಹಿಡಿಯಬೇಕು. ಇಲ್ಲವಾದರೆ ಬಂಡಿಯು ಬಾಳೆಯ ಹಣ್ಣಿನಂತೆ ಬಾಗಿ, ಬಾಗಿದಂತೆಯೇ ಬೆಸೆದುಹೋಗುತ್ತದೆ. ಆದರೆ ನಾನು ಹಿಂದೆಗೆದದ್ದು ಅದಕ್ಕಲ್ಲ. ಸಂದಿನ ಅಳತೆ ಸರಿಯೇ ಎಂಬುದನ್ನು ಗೇಜು ಹೇಳುತ್ತದೆ. ಶ್ರುತಿ ಸರಿಯೇ ಎಂಬುದನ್ನು ಮನೆಯಾಕೆ ಹೇಳುತ್ತಾಳೆ. ಒಂದು ಬೆಸುಗೆಯು ಒಳಗೆ ಹಿಡಿದಿದೆಯೋ, ಮೇಲೆ ಮಾತ್ರ ಕೂತಿದೆಯೋ ಎಂಬುದನ್ನು ತಿಳಿಯುವ ಕಣ್ಣು ನನಗಿಲ್ಲ. ಪರೀಕ್ಷಿಸಲಾರದ ಕೆಲಸವನ್ನು ಮಾಡತಕ್ಕದ್ದಲ್ಲವೆಂಬುದು ನನ್ನ ಕಟ್ಟು. ನುರಿತ ಬೆಸುಗೆಗಾರನೊಬ್ಬನಿಗೆ ಒಪ್ಪಿಸಿ, ಪ್ರತಿ ಶನಿವಾರವೂ ಹೋಗಿ ನೋಡಿ ಬಂದೆನು.

ಹೀಗಿರುವಾಗ ೨೦೧೮ರ ಮೇ ೨೦ರಿಂದ ಇಲ್ಲಿನ ಕಾನೂನು ಬದಲಾಯಿತು. ಈ ದೇಶದಲ್ಲಿ ಮೋಟಾರು ಬಂಡಿಗಳನ್ನು ವರುಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸುವ ಕಟ್ಟಳೆಯು ೧೯೬೦ರಲ್ಲಿ ಆರಂಭವಾದದ್ದು. ನಲವತ್ತು ವರುಷ ದಾಟಿದ, ಮೂಲರೂಪವನ್ನು ಹೆಚ್ಚಾಗಿ ಬದಲಿಸದ ಬಂಡಿಗಳಿಗೆ ಇನ್ನು ಆ ಪರೀಕ್ಷೆ ಬೇಕಾಗಿಲ್ಲವೆಂದಾಯಿತು. ಹಳೆಯ ಬಂಡಿಯನ್ನು ಸಾಕುವವರು ಅದನ್ನು ಮಕ್ಕಳಂತೆ ನೋಡಿಕೊಳ್ಳುತ್ತಾರೆ, ಓಡಿಸುವುದೂ ಕಡಮೆ ಎಂಬುದು ಇದರ ಪರವಾದ ವಾದ. ಅದರಲ್ಲಿ ಹುರುಳಿಲ್ಲವೆನ್ನಲಾರೆ. ಸುಸ್ಥಿತಿಯಲ್ಲಿಲ್ಲದ ಬಂಡಿಯನ್ನು ರಸ್ತೆಗೆ ತರುವುದು ಈಗಲೂ ಅಪರಾಧವೇ. ತನಿಖೆಯು ಮಾತ್ರ ಒಡೆಯನ ಪಾಲಿಗೆ ಬಂದಿತು. ಗೆಳೆಯರು ಹಬ್ಬ ಮಾಡಿದರು. ನನಗೆ ಮಾತ್ರ ಇದು ಗಂಟಲಲ್ಲಿ ಇಳಿಯಲಿಲ್ಲ. ಎಷ್ಟೇ ಪ್ರಾಮಾಣಿಕನಾದರೂ ತಾನು ಬರೆದ ಲೆಕ್ಕವನ್ನು ತಾನೇ ತನಿಖೆ ಮಾಡಕೂಡದೆಂಬುದು ನಮ್ಮ ವೃತ್ತಿಯ ಮೊದಲನೆಯ ಪಾಠ. ವಂಚನೆಯ ಭಯಕ್ಕಾಗಿ ಮಾಡಿದ ನಿಯಮವಲ್ಲ ಅದು. ಬರೆದ ಕಣ್ಣು ಇದ್ದದ್ದನ್ನು ಓದುವುದಿಲ್ಲ, ಬರೆಯಬೇಕೆಂದು ಎಣಿಸಿದ್ದನ್ನು ಓದುತ್ತದೆ.

ಅದರಲ್ಲಿಯೂ ಬ್ರೇಕುಗಳ ಮಾತು ಬೇರೆ. ಇಂದಿನ ಬಂಡಿಗಳಲ್ಲಿ ಬ್ರೇಕಿನ ಒತ್ತಡವನ್ನು ಒಯ್ಯಲು ಎರಡು ದಾರಿಗಳಿರುತ್ತವೆ. ಒಂದು ಸೋತರೆ ಇನ್ನೊಂದು ಉಳಿಯುತ್ತದೆ. ನನ್ನ ಬಂಡಿಯಲ್ಲಿ ನಾಲ್ಕು ಚಕ್ರಗಳಿಗೂ ಸೇರಿ ಒಂದೇ ದಾರಿ. ಎಲ್ಲಿಯಾದರೂ ಒಂದು ಕೊಳವೆ ಒಡೆಯಿತೆಂದರೆ ಕಾಲ ಕೆಳಗಿನ ಪೆಡಲು ನೆಲ ಮುಟ್ಟುತ್ತದೆ. ಉಳಿಯುವುದು ಹಿಂದಿನ ಚಕ್ರಗಳನ್ನು ಹಿಡಿಯುವ ಕೈಬ್ರೇಕೊಂದೇ.

೨೦೨೩ರ ಬೇಸಗೆಯಲ್ಲಿ ಹತ್ತು ಮೈಲಿ ಸುತ್ತಿ ಬಂದು ನಿಲ್ಲಿಸಿದಾಗ ಮುಂದಿನ ಎಡಚಕ್ರವು ಕೈ ಇಡಲಾರದಷ್ಟು ಬಿಸಿಯಾಗಿದ್ದಿತು. ಎತ್ತಿ ತಿರುಗಿಸಿದರೆ ತಿರುಗಲೊಲ್ಲದು. ಗಾಳಿ ಬಿಡುವ ಮೊಲೆತಿರುಪನ್ನು ಸಡಿಲಿಸಿದೊಡನೆ ದ್ರವವು ಚಿಮ್ಮಿತು, ಚಕ್ರವೂ ಬಿಡುಗಡೆಯಾಯಿತು. ಎಂದರೆ ಒತ್ತಡವು ಒಳಗೆ ಸಿಕ್ಕಿಕೊಂಡಿದ್ದಿತು. ಮೇಲಿನ ರಬ್ಬರಿನ ಕೊಳವೆಯು ಒಳಗೆ ಬಾತು, ಹೋಗಲು ಬಿಟ್ಟು ಬರಲು ಬಿಡದ ಬಾಗಿಲಾಗಿದ್ದಿತು. ಹೊರಗಿನಿಂದ ಅದರಲ್ಲಿ ಒಂದು ಬಿರುಕೂ ಇರಲಿಲ್ಲ. ಬಂಡಿಯಲ್ಲಿರುವ ಅಂಥ ಮೂರು ಕೊಳವೆಗಳನ್ನೂ ಬದಲಿಸಿದೆನು.

ತರುವಾಯ ಒಳಗೆ ಸೇರಿದ ಗಾಳಿಯನ್ನು ಹೊರಡಿಸಬೇಕು. ಬ್ರೇಕ್ ಆಯಿಲು ಎಂದು ಕರೆದರೂ ಅದು ಎಣ್ಣೆಯಲ್ಲ. ಗಾಳಿಯ ತೇವವನ್ನು ಹೀರುವ ದ್ರವ, ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ತಿನ್ನುತ್ತದೆ. ಎರಡು ವರುಷಕ್ಕೊಮ್ಮೆ ಹೇಗೂ ಅದನ್ನು ಬದಲಿಸತಕ್ಕದ್ದು. ಈ ಕೆಲಸಕ್ಕೆ ಇಬ್ಬರು ಬೇಕು. ಅತಿ ದೂರದ ಹಿಂದಿನ ಎಡಚಕ್ರದಿಂದ ಆರಂಭ. ನಾನು ನೆಲದ ಮೇಲೆ, ಮನೆಯಾಕೆ ಚಾಲಕನ ಆಸನದಲ್ಲಿ.

“ಒತ್ತು.”

“ಒತ್ತಿದೆ.”

“ಹಿಡಿ, ಬಿಡಬೇಡ.” ತಿರುಪನ್ನು ತೆರೆದರೆ ಗಾಜಿನ ಶೀಸೆಯಲ್ಲಿ ಗುಳ್ಳೆಗಳು ಏಳುತ್ತವೆ. ಮುಚ್ಚುತ್ತೇನೆ. “ಈಗ ಬಿಡು.”

ಹೀಗೆ ನಾಲ್ಕು ಚಕ್ರಗಳು. ಮೂರನೆಯದರಲ್ಲಿ ಆಕೆ ಕೇಳಿದಳು: “ಇಷ್ಟೆಲ್ಲ ಆದಮೇಲೆ ಇದು ಹಿಡಿಯುತ್ತದೆಂದು ಹೇಳುವವರು ಯಾರು?”

“ನಾನೇ.”

“ನೀವು ಹೇಳಿದರೆ ಆಗಲಿಲ್ಲ. ಮಗುವನ್ನು ಕೂರಿಸಿಕೊಂಡು ಹೋಗುತ್ತೇನೆನ್ನುತ್ತೀರಲ್ಲ.”

ಮಗುವೆಂದರೆ ಹದಿಮೂರು ತುಂಬಿದ ಮೊಮ್ಮಗಳು. ಕಾರಖಾನೆಯಿದ್ದ ಜಾಗವನ್ನು ತೋರಿಸಲು ಆಕೆಯನ್ನು ಆಬಿಂಗ್‌ಡನ್ನಿಗೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದೆನು. ಮನೆಯಾಕೆಯ ಮಾತಿಗೆ ನಾನು ಮರುಮಾತಾಡಲಿಲ್ಲ; ಐದು ವರುಷದಿಂದ ನನ್ನ ಮನಸ್ಸಿನಲ್ಲಿದ್ದುದನ್ನೇ ಆಕೆ ಬಾಯಿಬಿಟ್ಟು ಹೇಳಿದ್ದಳು. ಕಾನೂನು ಬೇಡವೆಂದ ಪರೀಕ್ಷೆಯನ್ನು ಬೇಕೆಂದು ಕೇಳಿ ಮಾಡಿಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಆ ವಾರವೇ ಬಂಡಿಯನ್ನು ಪರೀಕ್ಷಾಲಯಕ್ಕೆ ಒಯ್ದೆನು. ನನ್ನ ಮಗನಿಗಿಂತ ಚಿಕ್ಕವನಾದ ಪರೀಕ್ಷಕನು ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಬ್ರೇಕಿನ ಹಿಡಿತವನ್ನು ಅಳೆದನು, ದೀಪ ಹಿಡಿದು ಕೆಳಗೆಲ್ಲ ನೋಡಿದನು, ಹೊಸ್ತಿಲನ್ನು ಹೆಬ್ಬೆರಳಿನಿಂದ ಒತ್ತಿದನು. “ಇದನ್ನು ತರಬೇಕಾಗಿರಲಿಲ್ಲವಲ್ಲ” ಎಂದನು. ಬಲ್ಲೆನೆಂದೆನು. ಬ್ರೇಕುಗಳು ಸರಿಯಾಗಿದ್ದುವು, ಮುಂದಿನ ಬಲಚಕ್ರದ ಬೇರಿಂಗಿನಲ್ಲಿ ಮಾತ್ರ ನನ್ನ ಕೈಗೆ ಸಿಕ್ಕದ ಒಂದಿಷ್ಟು ಆಟವಿದೆಯೆಂದು ಬರೆದುಕೊಟ್ಟನು. ಅಂದಿನಿಂದ ಪ್ರತಿ ಜೂನ್ ತಿಂಗಳಲ್ಲಿಯೂ ಹೋಗುತ್ತಿದ್ದೇನೆ.

ಆಯುಧಪೂಜೆಯ ದಿನ ಬಂಡಿಗೆ ಅರಿಸಿನ ಕುಂಕುಮವೂ ಚಕ್ರಗಳ ಕೆಳಗೆ ನಿಂಬೆಹಣ್ಣೂ ತಪ್ಪವು. ತಗಡಿನ ಪೆಟ್ಟಿಗೆಯ ಸ್ಪ್ಯಾನರುಗಳಿಗೂ ಹೂವು ಸಲ್ಲುತ್ತದೆ. ಆಚೆ ಮನೆಯ ಆಂಗ್ಲ ದಂಪತಿಗಳು ಅದನ್ನು ನೋಡಲೆಂದೇ ಬರುತ್ತಾರೆ.

ಆಬಿಂಗ್‌ಡನ್ನಿಗೆ ಹೋಗಿ ಬಂದುದಾಯಿತು. ಮೊಮ್ಮಗಳಿಗೆ ಅಲ್ಲಿ ನೋಡಲು ಹೆಚ್ಚೇನೂ ಸಿಕ್ಕಲಿಲ್ಲ. ದಾರಿಯೇ ಆಕೆಗೆ ಹಿಡಿಸಿತು. ಹಿಂದಿರುಗುವಾಗ ಮಾಡನ್ನು ಎಳೆಯುವಷ್ಟರಲ್ಲಿ ಮಳೆ ಬಂದು ಇಬ್ಬರೂ ನೆನೆದೆವು. ಈಗ ಆಕೆ ಮುಂದಿನ ಚಕ್ರಗಳ ಗ್ರೀಸಿನ ಮೊಲೆಗಳನ್ನು ಎಣಿಸಿ ಬಲ್ಲಳು, ಪಕ್ಕಕ್ಕೆ ಮೂರರಂತೆ ಆರು. ಮೂರು ಸಾವಿರ ಮೈಲಿಗೊಮ್ಮೆ ಅವಕ್ಕೆ ಗ್ರೀಸು ಹೊಡೆಯುವ ಕೆಲಸವನ್ನು ತನ್ನದೆಂದು ಕಸಿದುಕೊಂಡಿದ್ದಾಳೆ. ನೋಟುಬುಕ್ಕಿನಲ್ಲಿ ಅದನ್ನು ಆಕೆಯೇ ದಾಖಲು ಮಾಡುತ್ತಾಳೆ. ಆಕೆ ಬರೆದುದನ್ನು ನಾನು, ನಾನು ಬರೆದುದನ್ನು ಆಕೆ, ಬಂಡಿಯ ಕೆಳಗೆ ಹೋಗಿ ನೋಡಿಬಂದು ಅಂಚಿನಲ್ಲಿ ಒಂದು ಗುರುತು ಹಾಕುತ್ತೇವೆ. ಹೋದ ತಿಂಗಳು ಆಕೆ ನನ್ನ ಒಂದು ಬರವಣಿಗೆಯ ಮುಂದೆ ಗುರುತು ಹಾಕದೆ, “ತಾತ, ಈ ನಟ್ಟನ್ನು ಇನ್ನೊಂದು ಸಲ ನೋಡೋಣ” ಎಂದು ಬರೆದಿಟ್ಟಿದ್ದಳು. ನೋಡಿದೆವು, ಬಿಗಿಯಾಗಿಯೇ ಇದ್ದಿತು.